ಹುಳಿಯಾರು: ಹಗಲು ಒಂದು ಊರು, ರಾತ್ರಿ ಇನ್ನೊಂದು

"ನಿಮ್ಮೂರು ಎಲ್ಲಿ ಬರುತ್ತೆ?" ಅಂತ ಬೆಂಗಳೂರಿನಲ್ಲಿ ಯಾರಾದರೂ ಕೇಳಿದರೆ ನನ್ನ ಹತ್ತಿರ ಒಂದೇ ಉತ್ತರ ಇಲ್ಲ. ಕೇಳಿದವರು ಕೊಬ್ಬರಿ ವ್ಯಾಪಾರ ಗೊತ್ತಿರುವವರಾದರೆ "ತಿಪಟೂರಿನಿಂದ ಮೇಲೆ" ಅನ್ನುತ್ತೇನೆ. ಹುಬ್ಬಳ್ಳಿ ರಸ್ತೆಯಲ್ಲಿ ಓಡಾಡುವವರಾದರೆ "ಹಿರಿಯೂರು ಇದೆಯಲ್ಲ, ಅಲ್ಲಿಂದ ಎಡಕ್ಕೆ". ರೈಲಿನ ಜನಕ್ಕೆ ಅರಸೀಕೆರೆ ಹೆಸರು ಹೇಳಿದರೆ ಸಾಕು. ಮೂರೂ ನಿಜವೇ. ಹುಳಿಯಾರನ್ನು ಯಾವಾಗಲೂ ಪಕ್ಕದ ಊರಿನ ಕೈ ಹಿಡಿಸಿಯೇ ತೋರಿಸಬೇಕು. ತಮಾಷೆ ಏನೆಂದರೆ, ಆ ಪಕ್ಕದ ಊರುಗಳು ಯಾವುವೂ ಪಕ್ಕದಲ್ಲಿಲ್ಲ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. "ನಮ್ಮೂರು ಹುಳಿಯಾರು" ಅನ್ನುತ್ತೇನೆ, ಆದರೆ ನಮ್ಮ ಮನೆ ಅಲ್ಲಿಲ್ಲ. ಹೋಬಳಿಯೊಳಗಿನ ಒಂದು ಸಣ್ಣ ಹಳ್ಳಿ ನಮ್ಮದು. ಸಂತೆ ಹುಳಿಯಾರಿನಲ್ಲಿ, ಓದು ಹುಳಿಯಾರಿನಲ್ಲಿ, ಮದುವೆ ಜವಳಿ ಹುಳಿಯಾರಿನಲ್ಲಿ, ಮೊದಲ ಸಲ ಬೆಂಗಳೂರು ಬಸ್ ಹತ್ತಿದ್ದೂ ಅಲ್ಲೇ. ರಾತ್ರಿ ಮಲಗಿದ್ದು ಮಾತ್ರ ಹಳ್ಳಿಯಲ್ಲಿ. ಹೀಗೆ ಹೇಳುವವನು ನಾನೊಬ್ಬನೇ ಅಲ್ಲ. ಒಂದು ಹೋಬಳಿಯ ಜನವೆಲ್ಲ ಹೀಗೇ ಹೇಳುತ್ತಾರೆ. ಹುಳಿಯಾರಿನ ಜನಸಂಖ್ಯೆ ಎಷ್ಟು ಅನ್ನುವ ಪ್ರಶ್ನೆ ಸಿಕ್ಕಿಕೊಳ್ಳುವುದು ಇಲ್ಲೇ.

ನಕ್ಷೆ ಏನು ಹೇಳುತ್ತದೆ

ತುಮಕೂರು ಜಿಲ್ಲೆ, ಚಿಕ್ಕನಾಯಕನಹಳ್ಳಿ ತಾಲ್ಲೂಕು. ತಾಲ್ಲೂಕಿನಲ್ಲಿ ಐದು ಹೋಬಳಿ: ಕಸಬಾ, ಶೆಟ್ಟಿಕೆರೆ, ಕಂದಿಕೆರೆ, ಹಂದನಕೆರೆ, ಹುಳಿಯಾರು. ತಾಲ್ಲೂಕು ಕೇಂದ್ರಕ್ಕೆ ಸುಮಾರು 25 ಕಿ.ಮೀ. ಜಿಲ್ಲಾ ಕೇಂದ್ರಕ್ಕೆ ಹೋಗಬೇಕು ಅಂದರೆ ಚಿಕ್ಕನಾಯಕನಹಳ್ಳಿ, ಕೆ.ಬಿ. ಕ್ರಾಸ್, ನಿಟ್ಟೂರು, ಗುಬ್ಬಿ ಎಲ್ಲ ದಾಟಿ ಹೋಗಬೇಕು. ಬೆಳಿಗ್ಗೆ ಹೊರಟರೆ ಕಚೇರಿಯ ಒಂದು ಕೆಲಸ ಆಗುತ್ತದೆ. ಎರಡು ಕೆಲಸ ಇದ್ದರೆ ಇನ್ನೊಂದು ದಿನ.

ಈಗ ಹುಳಿಯಾರಿನಲ್ಲಿ ಒಂದು ಗೂಟ ನೆಟ್ಟು ಸುತ್ತ ಹಗ್ಗ ತಿರುಗಿಸಿ ನೋಡಿ. ಉತ್ತರಕ್ಕೆ ಹಿರಿಯೂರು, ವಾಯವ್ಯಕ್ಕೆ ಹೊಸದುರ್ಗ, ನೈಋತ್ಯಕ್ಕೆ ಅರಸೀಕೆರೆ, ದಕ್ಷಿಣಕ್ಕೆ ತಿಪಟೂರು, ಪೂರ್ವದ ಕಡೆ ಶಿರಾ. ಐದೂ ತಾಲ್ಲೂಕು ಕೇಂದ್ರಗಳು. ಐದೂ ಹೆಚ್ಚುಕಡಿಮೆ 40ರಿಂದ 50 ಕಿ.ಮೀ. ದೂರ. ಹಿರಿಯೂರು, ಹೊಸದುರ್ಗ ಚಿತ್ರದುರ್ಗ ಜಿಲ್ಲೆಯವು. ಅರಸೀಕೆರೆ ಹಾಸನದ್ದು. ಉಳಿದೆರಡು ನಮ್ಮವು. ಮೂರು ಜಿಲ್ಲೆಯ ಅಂಚುಗಳು ಸೇರುವ ಜಾಗ, ಎಲ್ಲ ದೊಡ್ಡ ಊರುಗಳಿಂದಲೂ ಒಂದೇ ದೂರ.

ಹುಳಿಯಾರು ದೊಡ್ಡದಾಗಿದ್ದಕ್ಕೆ ಕೋಟೆ, ಕಾರ್ಖಾನೆ, ದೇವಸ್ಥಾನ ಅಂತೆಲ್ಲ ಕಾರಣ ಹುಡುಕಬೇಕಾಗಿಲ್ಲ. ತಾಲ್ಲೂಕು ಕೇಂದ್ರ ಬಿಟ್ಟರೆ ನಡುವೆ ಬೇರೆ ಊರಿಲ್ಲ, ಅಷ್ಟೇ. ಎತ್ತಿನ ಗಾಡಿಯ ಕಾಲದಲ್ಲಿ 45 ಕಿ.ಮೀ. ಅಂದರೆ ಒಂದು ಹಗಲಿನಲ್ಲಿ ಹೋಗಿ ಬರುವ ದೂರವಲ್ಲ. ಉಪ್ಪು, ಎಣ್ಣೆ, ಬಟ್ಟೆ, ನೇಗಿಲ ಕುಳ ಹಣಿಸುವ ಕೆಲಸ ಎಲ್ಲಕ್ಕೂ ಮಧ್ಯದಲ್ಲೊಂದು ಊರು ಬೇಕಿತ್ತು. ಈಗ ಬೈಕ್ ಇದೆ, ಆದರೂ ಗೊಬ್ಬರದ ಮೂಟೆಗೆ, ಮೋಟಾರ್ ರಿವೈಂಡಿಂಗ್‌ಗೆ, ಕನ್ನಡಕಕ್ಕೆ 45 ಕಿ.ಮೀ. ಯಾರು ಹೋಗುತ್ತಾರೆ?

ಎರಡು ಹೆದ್ದಾರಿ

ಈ ಊರಿನಲ್ಲಿ ಎರಡು ರಾಷ್ಟ್ರೀಯ ಹೆದ್ದಾರಿಗಳು ಸೇರುತ್ತವೆ. ಉತ್ತರ ದಕ್ಷಿಣಕ್ಕೆ 150ಎ. ಜೇವರ್ಗಿಯಲ್ಲಿ ಹೊರಟು ಬಳ್ಳಾರಿ, ಚಳ್ಳಕೆರೆ, ಹಿರಿಯೂರು ದಾಟಿ ಹುಳಿಯಾರಿಗೆ ಬಂದು, ಚಿಕ್ಕನಾಯಕನಹಳ್ಳಿ, ನಾಗಮಂಗಲ, ಮೈಸೂರು ಹಾದು ಚಾಮರಾಜನಗರಕ್ಕೆ ಹೋಗುತ್ತದೆ. ಕರ್ನಾಟಕವನ್ನು ಮೇಲಿಂದ ಕೆಳಕ್ಕೆ ಹೊಲಿದ ದಾರದ ಹಾಗೆ.

ಇನ್ನೊಂದು ಪಡುವಣದಿಂದ ಮೂಡಣಕ್ಕೆ ಹೋಗುವುದು. ಈಗಿನ ನಂಬರು 69. ನಮ್ಮ ಕಡೆ ಲಾರಿಯವರು ಇನ್ನೂ "ಟು ಥರ್ಟಿಫೋರ್" ಅಂತಲೇ ಅನ್ನುತ್ತಾರೆ, ಏಕೆಂದರೆ ಹಳೆಯ ಮಂಗಳೂರು–ವಿಳುಪ್ಪುರಂ ಹೆದ್ದಾರಿಯ ನಂಬರು 234. ಬಾಣಾವರದ ಕಡೆಯಿಂದ ಬರುವ ಈ ರಸ್ತೆ ಹುಳಿಯಾರು, ಬುಕ್ಕಾಪಟ್ಟಣ, ಶಿರಾ, ಮಧುಗಿರಿ, ಗೌರಿಬಿದನೂರು, ಚಿಕ್ಕಬಳ್ಳಾಪುರ, ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲು ಹೀಗೆ ಸಾಗುತ್ತದೆ. ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಮೂರೂ ಜಿಲ್ಲೆಯನ್ನು ಬೆಂಗಳೂರಿನ ಮುಖ ನೋಡದೆ ಜೋಡಿಸುವ ರಸ್ತೆ. ಕಾಗದದಲ್ಲಿ ನೋಡಿದರೆ ಹೊಟ್ಟೆ ತುಂಬುತ್ತದೆ. ಆದರೆ ಹುಳಿಯಾರಿನಿಂದ ಮುಳಬಾಗಿಲಿಗೆ ಹೋಗಬೇಕಾದವರು ಈ ರಸ್ತೆಯನ್ನು ನಂಬುವುದಿಲ್ಲ. ಬೆಂಗಳೂರಿಗೆ ಹೋಗಿ, ಮೆಜೆಸ್ಟಿಕ್‌ನಲ್ಲಿ ಬಸ್ ಬದಲಿಸಿ ಹೋಗುತ್ತಾರೆ. ರಸ್ತೆ ಇರುವುದು ಬೇರೆ, ಆ ರಸ್ತೆಯ ಮೇಲೆ ಬಸ್ ಇರುವುದು ಬೇರೆ.

ಶಿರಾ ದಾರಿಯನ್ನೇ ತೆಗೆದುಕೊಳ್ಳಿ. ಬುಕ್ಕಾಪಟ್ಟಣದ ಸುತ್ತ ಕುರುಚಲು ಕಾಡು. 2019ರಲ್ಲಿ ಅದನ್ನು ಚಿಂಕಾರ ವನ್ಯಜೀವಿಧಾಮ ಅಂತ ಘೋಷಿಸಿದರು. ಚಿಂಕಾರಕ್ಕೆ ಒಳ್ಳೆಯದೇ ಆಯಿತು. ಆದರೆ ಕಾಡಿನ ಜಿಂಕೆ ಟಿಕೆಟ್ ತೆಗೆಯುವುದಿಲ್ಲ ನೋಡಿ. ದಾರಿಯುದ್ದಕ್ಕೂ ಹತ್ತಿ ಇಳಿಯುವ ಜನ ಇದ್ದರೆ ಬಸ್ಸಿನ ಮಾಲೀಕನಿಗೆ ಗಿಟ್ಟುತ್ತದೆ. ಚಿಕ್ಕನಾಯಕನಹಳ್ಳಿ ದಾರಿಯಲ್ಲಿ ಆ ಜನ ಸಿಗುತ್ತಾರೆ. ಕಾಡಿನ ದಾರಿಯಲ್ಲಿ ಸಿಗುವುದಿಲ್ಲ.

ಬಸ್ ನಿಲ್ದಾಣದಲ್ಲಿ ಒಂದು ಬೆಳಿಗ್ಗೆ

ಊರಿನ ಗಾತ್ರ ತಿಳಿಯಬೇಕೆಂದರೆ ಬೆಳಿಗ್ಗೆ ಎಂಟಕ್ಕೆ ನಿಲ್ದಾಣದ ಎದುರಿನ ಟೀ ಅಂಗಡಿಯಲ್ಲಿ ಕೂರಬೇಕು. ನಾನು ಹಾಗೆ ಎಷ್ಟೋ ಸಲ ಕೂತಿದ್ದೇನೆ, ಕೆಲಸ ಇದ್ದೂ ಇಲ್ಲದೆಯೂ.

ಮೊದಲು ಬರುವವರು ಹಾಲಿನ ಕ್ಯಾನ್, ಸೊಪ್ಪಿನ ಕಟ್ಟು ಹಿಡಿದವರು. ಅವರ ಹಿಂದೆ ಶಾಲೆ, ಕಾಲೇಜಿನ ಮಕ್ಕಳು. ಹುಳಿಯಾರಿನಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಇದೆ. ಹೀಗಾಗಿ ಪಿಯುಸಿ ಮುಗಿಸಿದ ಹೆಣ್ಣುಮಕ್ಕಳನ್ನು "ಅಷ್ಟು ದೂರ ಯಾಕೆ" ಅಂತ ಮನೆಯಲ್ಲಿ ಕೂರಿಸುವುದು ಕಡಿಮೆಯಾಗಿದೆ. ಆಮೇಲೆ ನಾಡಕಚೇರಿಗೆ ಬರುವವರು: ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಪಿಂಚಣಿ. ಹತ್ತರ ಹೊತ್ತಿಗೆ ವ್ಯಾಪಾರದವರು.

ಬಸ್ಸುಗಳು ಬರುತ್ತಲೇ ಇರುತ್ತವೆ. "ಹಿರಿಯೂರ್ ಹಿರಿಯೂರ್ ಹಿರಿಯೂರ್," "ತಿಪ್ಟೂರ್, ಚಿಕ್ನಾಯ್ಕನಳ್ಳಿ ತಿಪ್ಟೂರ್," "ಹೊಸ್ದುರ್ಗ ಬನ್ನಿ ಹೊಸ್ದುರ್ಗ." ಹೊಸಬರು ನೋಡಿದರೆ, ಎಷ್ಟು ಬಸ್ ಇವೆಯಪ್ಪ ಈ ಊರಿಗೆ ಅಂದುಕೊಳ್ಳುತ್ತಾರೆ. ಸರಿಯಾಗಿ ನೋಡಿ. ಹೆಚ್ಚಿನವು ಇಲ್ಲಿ ಹೊರಡುವ ಬಸ್ಸಲ್ಲ, ಇಲ್ಲಿ ಹಾದು ಹೋಗುವ ಬಸ್ಸು. ಎಲ್ಲಿಂದಲೋ ತುಂಬಿಕೊಂಡು ಬರುತ್ತವೆ, ಐದು ನಿಮಿಷ ನಿಲ್ಲುತ್ತವೆ, ಹೋಗುತ್ತವೆ. ಮಧ್ಯದ ಊರಿನ ಹಣೆಬರಹ ಇದು. ಬಸ್ಸಿಗೆ ಕೊರತೆ ಇಲ್ಲ, ಸೀಟಿಗೆ ಕೊರತೆ. ಅದಕ್ಕೇ ಇಲ್ಲಿ ಟವೆಲ್ ಅನ್ನುವುದು ಬೆವರು ಒರೆಸುವ ಬಟ್ಟೆ ಮಾತ್ರ ಅಲ್ಲ. ಬಸ್ ಪೂರ್ತಿ ನಿಲ್ಲುವ ಮೊದಲೇ ಕಿಟಕಿಯಿಂದ ಒಳಗೆ ಎಸೆದರೆ ಸೀಟು ನಿಮ್ಮದು. ಒಮ್ಮೆ ನಮ್ಮಪ್ಪ ಟವೆಲ್ ಎಸೆದರು, ಸೀಟೂ ಸಿಕ್ಕಿತು. ಹತ್ತಿ ನೋಡಿದರೆ ಅದು ಹೊಸದುರ್ಗದ ಬಸ್ಸು. ನಾವು ಹೋಗಬೇಕಿದ್ದದ್ದು ತಿಪಟೂರಿಗೆ.

ನಮ್ಮ ಭಾಗದಲ್ಲಿ ಖಾಸಗಿ ಬಸ್ಸುಗಳು ಮೊದಲಿನಿಂದಲೂ ಜೋರು. ಹಳ್ಳಿ ಕ್ರಾಸ್‌ಗಳಲ್ಲಿ ಕೈ ತೋರಿಸಿದಲ್ಲೆಲ್ಲ ನಿಲ್ಲಿಸುತ್ತಾರೆ, ಮೂಟೆ ಟಾಪ್ ಮೇಲೆ ಹಾಕುತ್ತಾರೆ, ಮಗು ಅತ್ತರೆ ಕ್ಲೀನರ್ ಎತ್ತಿಕೊಳ್ಳುತ್ತಾನೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಬೆಂಗಳೂರು, ಮೈಸೂರಿನಲ್ಲಿ ಕೂತು ಇದರ ಬಗ್ಗೆ ವಾದ ಮಾಡುವವರಿಗೆ ಗೊತ್ತಿಲ್ಲದ ಒಂದು ಸಂಗತಿ ನಮ್ಮಂಥ ಊರಿನಲ್ಲಿದೆ. ಸರ್ಕಾರಿ ಬಸ್ ವಿರಳವಾಗಿರುವ ದಾರಿಯಲ್ಲಿ ಈ ಸವಲತ್ತು ಸಿಗುವುದು ಕಾಯುವುದಕ್ಕೆ ಹೊತ್ತಿದ್ದವರಿಗೆ.

ಒಂದು ದಿನ ನನ್ನ ಪಕ್ಕದ ಬೆಂಚಿನಲ್ಲಿ ಒಬ್ಬ ಅಜ್ಜಿ ಕೂತಿದ್ದರು. ಎಲೆ ಅಡಿಕೆ ಸಂಚಿಯೊಳಗೆ, ಸುಣ್ಣದ ಡಬ್ಬಿಯ ಜೊತೆ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಆಧಾರ್ ಕಾರ್ಡು. ಖಾಸಗಿ ಬಸ್ಸಿನ ಕಂಡಕ್ಟರ್ ಕರೆದ. "ಅಜ್ಜೀ, ಬಾರವ್ವ, ಅರ್ಧ ಕೊಡು ಸಾಕು." ಅಜ್ಜಿ ತಲೆ ಎತ್ತಲಿಲ್ಲ. ಎರಡನೇ ಬಸ್ಸೂ ಹೋಯಿತು. "ಕೆಂಪು ಬಸ್ ಎಷ್ಟೊತ್ತಿಗೆ ಬತ್ತದಪ್ಪ?" ಅಂತ ನನ್ನನ್ನು ಕೇಳಿದರು. ಗೊತ್ತಿಲ್ಲ ಅಂದೆ. "ಬರ್ಲಿ ಬಿಡು, ಮನೇಲಿದ್ರೂ ಕೂತೇ ಇರ್ತೀನಿ" ಅಂದರು. ಆದರೆ ಅದೇ ಬೆಂಚಿನ ಆ ತುದಿಯಲ್ಲಿದ್ದ ಹುಡುಗಿ, ಗಾರ್ಮೆಂಟ್ಸ್ ಕೆಲಸಕ್ಕೋ ಪರೀಕ್ಷೆಗೋ ಹೊರಟವಳು, ಎರಡು ಸಲ ಫೋನ್ ನೋಡಿಕೊಂಡು ಕೊನೆಗೆ ಖಾಸಗಿ ಬಸ್ಸನ್ನೇ ದುಡ್ಡು ಕೊಟ್ಟು ಹತ್ತಿದಳು. ಯೋಜನೆ ಒಂದೇ. ಗಡಿಯಾರ ನೋಡಬೇಕಾದವಳಿಗೆ ಅದು ಸಿಗಲಿಲ್ಲ. ಯೋಜನೆ ಬೇಡ ಅಂತ ನಾನು ಹೇಳುತ್ತಿಲ್ಲ. ಈ ಅಜ್ಜಿ ಮಗಳ ಮನೆಗೆ ತಿಂಗಳಿಗೊಮ್ಮೆ ಹೋಗುವುದು ಶುರುವಾದದ್ದೇ ಅದರಿಂದ. ಬಸ್ ಜಾಸ್ತಿ ಮಾಡಿ ಅಂತಷ್ಟೇ ನನ್ನ ಮಾತು.

ಕಾಯಬಲ್ಲ ಬೆಳೆ

ಇಲ್ಲಿ ಕೊಬ್ಬರಿಯ ಬಗ್ಗೆ ಸ್ವಲ್ಪ ಹೇಳಲೇಬೇಕು, ಸಾರಿಗೆಯ ಮಾತೇ ಅದು. ನಮ್ಮ ಕಡೆ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತಾರೆ. ಒಳಗಿನ ನೀರು ತಾನೇ ಇಂಗಿ, ಕಾಯಿ ಅಲುಗಾಡಿಸಿದರೆ ಗಟಗಟ ಅನ್ನುವ ಉಂಡೆ ಕೊಬ್ಬರಿ ಆಗಲು ಎಂಟರಿಂದ ಹನ್ನೆರಡು ತಿಂಗಳು. ಹೂವು, ಟೊಮೆಟೊ ಬೆಳೆಯುವವರಿಗೆ ಬಸ್ ತಪ್ಪಿದರೆ ಆ ದಿನದ ದುಡಿಮೆ ಹೋಯಿತು. ಕೋಲಾರದ ಟೊಮೆಟೊ ಬೆಳೆಗಾರರನ್ನು ಕೇಳಿ, ಒಂದು ರಾತ್ರಿ ಲಾರಿ ತಡವಾದರೆ ಏನಾಗುತ್ತದೆ ಅಂತ. ಕೊಬ್ಬರಿ ಹಾಗಲ್ಲ. ಅಟ್ಟದಲ್ಲಿ ಕೂತು ರೇಟಿಗೂ ಕಾಯುತ್ತದೆ, ಟ್ರ್ಯಾಕ್ಟರಿಗೂ ಕಾಯುತ್ತದೆ. ರಾಗಿಯೂ ಅಷ್ಟೇ. ರೈಲಿಲ್ಲದ, ರಾತ್ರಿ ಬಸ್ ಕಡಿಮೆ ಇರುವ ಊರಿನಲ್ಲಿ ಕಾಯಬಲ್ಲ ಬೆಳೆಗಳ ಮಾರುಕಟ್ಟೆ ಬೆಳೆದದ್ದು ಸುಮ್ನೆ ಅಲ್ಲ ಅನ್ನುವುದು ನನ್ನ ಲೆಕ್ಕ.

ಎಪಿಎಂಸಿ ಮಾರುಕಟ್ಟೆ ಇರುವುದೂ ಹುಳಿಯಾರಿನ ಹೆಸರಿನಲ್ಲೇ. ಬೆಂಬಲ ಬೆಲೆಗೆ ರಾಗಿ ಕೊಳ್ಳುವ ದಿನಗಳಲ್ಲಿ ಟ್ರ್ಯಾಕ್ಟರುಗಳ ಸಾಲು ನೋಡಬೇಕು. 2024–25ಕ್ಕೆ ಕ್ವಿಂಟಲ್ ರಾಗಿಗೆ ಕೇಂದ್ರ ನಿಗದಿ ಮಾಡಿದ ಬೆಂಬಲ ಬೆಲೆ 4,290 ರೂಪಾಯಿ. ಆ ಬೆಲೆ ಸಿಗಬೇಕೆಂದರೆ ಸರದಿ ನಿಲ್ಲಬೇಕು. ಸರದಿ ಅಂದರೆ ಮೂಟೆಯ ಮೇಲೆ ಕಂಬಳಿ ಹಾಸಿ ರಾತ್ರಿ ಅಲ್ಲೇ ಮಲಗುವುದು. ಹಗಲಿನ ಹುಳಿಯಾರಿನ ಜನ ರಾತ್ರಿಯೂ ಉಳಿಯುವುದು ಇಂಥ ದಿನಗಳಲ್ಲಿ ಮಾತ್ರ.

ಹಳ್ಳಿಯೋ ಪಟ್ಟಣವೋ

ಬಹಳ ಕಾಲ ಹುಳಿಯಾರು ಗ್ರಾಮ ಪಂಚಾಯಿತಿ. ಕಾನೂನಿನ ಪ್ರಕಾರ ಒಂದು ಗ್ರಾಮ ಪಂಚಾಯಿತಿ ಸಾಮಾನ್ಯವಾಗಿ 5,000ದಿಂದ 7,000 ಜನಕ್ಕೆ, 400 ಜನಕ್ಕೆ ಒಬ್ಬ ಸದಸ್ಯ. 10,000 ಜನ ಇದ್ದರೆ 25 ಸದಸ್ಯರಾಗುತ್ತಾರೆ. ಪಟ್ಟಣ ಪಂಚಾಯಿತಿ ಆಗಬೇಕಾದರೆ ಜನಸಂಖ್ಯೆ 10,000ಕ್ಕೆ ಕಡಿಮೆ ಇರಬಾರದು, ಚದರ ಕಿ.ಮೀ.ಗೆ 400 ಜನ ಇರಬೇಕು, ಅರ್ಧದಷ್ಟು ಉದ್ಯೋಗ ಬೇಸಾಯದ ಹೊರಗಿನದಾಗಿರಬೇಕು. ಜನಗಣತಿಯವರ ಅಳತೆ ಬೇರೆ. ಅವರಿಗೆ 5,000 ಜನ ಸಾಕು, ಆದರೆ ಗಂಡಸು ಕೆಲಸಗಾರರಲ್ಲಿ ನೂರಕ್ಕೆ 75 ಜನ ಬೇಸಾಯ ಬಿಟ್ಟವರಾಗಿರಬೇಕು. ಹೀಗಾಗಿ ಒಂದೇ ಊರು ಒಂದು ಇಲಾಖೆಯ ಕಡತದಲ್ಲಿ ಪಟ್ಟಣವಾಗಿ, ಇನ್ನೊಂದರಲ್ಲಿ ಹಳ್ಳಿಯಾಗಿ ಇರಬಹುದು.

ಕೊನೆಗೆ ಹುಳಿಯಾರು ಪಟ್ಟಣ ಪಂಚಾಯಿತಿ ಆಯಿತು. ಖುಷಿಪಟ್ಟವರು ಅಂಗಡಿ ಸಾಲಿನವರು. ಖುಷಿಪಡದವರೂ ಇದ್ದರು. ನರೇಗಾ ಕೆಲಸ ಇದ್ದದ್ದು ಗ್ರಾಮೀಣ ಪ್ರದೇಶಕ್ಕೆ ಮಾತ್ರ, ಪಟ್ಟಣದ ಗಡಿಯೊಳಗೆ ಬಂದರೆ ಇರಲಿಲ್ಲ. ಊರಂಚಿನ ಕೂಲಿಯವರಿಗೆ ನಿನ್ನೆಯವರೆಗೂ ಅದೇ ಹೊಲ, ಅದೇ ಕೆರೆ. ಆದರೆ ಕೆರೆಯ ಹೂಳು ಎತ್ತಿದರೆ ಸಿಗುತ್ತಿದ್ದ ಕೂಲಿ ಒಂದು ಆದೇಶದಿಂದ ಹೋಯಿತು. "ನಾವು ಪ್ಯಾಟೆಯವರಾಗ್ಬಿಟ್ವಿ, ಕೂಲಿ ಇಲ್ಲ" ಅಂತ ಒಬ್ಬರು ನಗುತ್ತಲೇ ಹೇಳಿದ್ದು ನೆನಪಿದೆ.

ತಾಲ್ಲೂಕು ಆಗಬೇಕು ಅನ್ನುವುದು ಹಳೆಯ ಬೇಡಿಕೆ. 2018ರ ಹೊತ್ತಿಗೆ ರಾಜ್ಯದಲ್ಲಿ ಐವತ್ತರ ಹತ್ತಿರ ಹೊಸ ತಾಲ್ಲೂಕುಗಳು ಬಂದವು. ತುಮಕೂರು ಜಿಲ್ಲೆ ಮಾತ್ರ ಹತ್ತು ತಾಲ್ಲೂಕಿಗೇ ನಿಂತಿತು. ನ್ಯಾಯಾಲಯ, ತಹಶೀಲ್ದಾರ್ ಎರಡಕ್ಕೂ ಇಂದಿಗೂ ಚಿಕ್ಕನಾಯಕನಹಳ್ಳಿ ಬಸ್ಸೇ.

ರೈಲು ಸುತ್ತು ಹಾಕುತ್ತದೆ

ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದದ್ದು 1884ರಲ್ಲಿ. ಆಮೇಲೆ ಹಳಿ ಗುಬ್ಬಿ, ತಿಪಟೂರು, ಅರಸೀಕೆರೆ ಹಿಡಿದು ಹರಿಹರದ ಕಡೆ ಹೋಯಿತು. ಹುಳಿಯಾರಿಗೆ ದಕ್ಷಿಣದಲ್ಲೂ ಪಶ್ಚಿಮದಲ್ಲೂ ರೈಲು, ನಡುವೆ ಇಲ್ಲ. ಆ ದಾರಿಯ ಸ್ಟೇಷನ್ ಹೆಸರುಗಳಲ್ಲಿ ಒಂದು ಗುಟ್ಟಿದೆ. ಹೆಸರಿನ ಕೊನೆಗೆ "ರೋಡ್" ಅಂತ ಇದ್ದರೆ ಊರು ಅಲ್ಲಿಲ್ಲ ಅಂತಲೇ ಅರ್ಥ. ಸಂಪಿಗೆ ರೋಡ್, ಹೊನ್ನವಳ್ಳಿ ರೋಡ್, ಹೊಸದುರ್ಗ ರೋಡ್. ಹೊಸದುರ್ಗಕ್ಕೆ ಅಂತ ನಂಬಿ ಹೊಸದುರ್ಗ ರೋಡ್‌ನಲ್ಲಿ ಇಳಿದವರು ಮತ್ತೆ ಬಸ್ ಹುಡುಕಬೇಕು. ಹುಳಿಯಾರಿಗೆ ಅಂಥ ಒಂದು "ರೋಡ್" ಕೂಡ ಸಿಕ್ಕಿಲ್ಲ.

ಹುಬ್ಬಳ್ಳಿಯಲ್ಲಿ ನನಗೊಂದು ಸಂದರ್ಶನ ಇತ್ತು. ರೈಲು ಅರಸೀಕೆರೆಗೆ ಬರುವುದು ನಡುರಾತ್ರಿ ದಾಟಿ. ಹುಳಿಯಾರಿನಿಂದ ಅಷ್ಟು ಹೊತ್ತಿಗೆ ಬಸ್ ಎಲ್ಲಿದೆ? ಸಂಜೆಯ ಬಸ್ಸಿಗೇ ಹೊರಟೆ. ರೈಲು ಹತ್ತುವ ಹೊತ್ತಿಗೆ ಪ್ಲಾಟ್‌ಫಾರಂನ ಕಲ್ಲು ಬೆಂಚಿನ ಮೇಲೆ ಐದು ಗಂಟೆ ಕಳೆದಿತ್ತು. ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನ ಎಂಟಕ್ಕೊಮ್ಮೆ ತಿಂದೆ, ಹನ್ನೊಂದಕ್ಕೊಮ್ಮೆ ತಿಂದೆ. ನನ್ನ ಹಾಗೇ ಕೂತಿದ್ದ ಇನ್ನೊಬ್ಬರನ್ನು ಮಾತಾಡಿಸಿದರೆ ಅವರೂ ಹುಳಿಯಾರು ಕಡೆಯವರೇ. "ನಮ್ಮೋರಿಗೆ ರೈಲಿಗಿಂತ ಬೆಂಚೇ ರೂಢಿ" ಅಂದರು. ನಾಲ್ವತ್ತೆಂಟೋ ಐವತ್ತೋ ಕಿ.ಮೀ. ದೂರ ಅಂತ ಕಾಗದದಲ್ಲಿ ಬರೆಯುತ್ತಾರೆ. ನಮಗೆ ಆ ದೂರ ಐದು ಗಂಟೆ.

ಈಗ ತುಮಕೂರಿನಿಂದ ಶಿರಾ, ಹಿರಿಯೂರು, ಚಿತ್ರದುರ್ಗ ಮೂಲಕ ದಾವಣಗೆರೆಗೆ ಹೊಸ ರೈಲು ಮಾರ್ಗದ ಕೆಲಸ ನಡೆದಿದೆ. 2011–12ರಲ್ಲಿ ಮಂಜೂರಾದ ಯೋಜನೆ. ಅದು ಮುಗಿದರೆ ಪೂರ್ವದ ಶಿರಾಕ್ಕೂ ಉತ್ತರದ ಹಿರಿಯೂರಿಗೂ ರೈಲು ಬರುತ್ತದೆ. ಒಳ್ಳೆಯದೇ. ನಮ್ಮ ಗೂಟ, ಹಗ್ಗ ಮತ್ತೆ ತೆಗೆದುಕೊಳ್ಳಿ: ತಿಪಟೂರು, ಅರಸೀಕೆರೆ, ಬಾಣಾವರ, ಹಿರಿಯೂರು, ಶಿರಾ. ಸುತ್ತಲೂ ರೈಲು, ಎಲ್ಲ ಕಡೆಗೂ ಅದೇ 40–50 ಕಿ.ಮೀ. ಪ್ರದಕ್ಷಿಣೆ ಹಾಕುವ ದೇವರು ಗುಡಿಯೊಳಗೆ ಬರುವುದಿಲ್ಲ, ಅಲ್ವಾ? ಹುಳಿಯಾರಿನಿಂದ ಈ ಸ್ಟೇಷನ್‌ಗಳಿಗೆ ರೈಲಿನ ಹೊತ್ತಿಗೆ ಹೊಂದುವಂತೆ ಎರಡು ಬಸ್ ಬಿಟ್ಟರೆ ಅರ್ಧ ಕಷ್ಟ ಮುಗಿಯುತ್ತದೆ ಅನ್ನುವುದು ನನ್ನ ಅಂದಾಜು. ಹಳಿಗಿಂತ ಅಗ್ಗ.

ಎಣಿಸುವ ಹೊತ್ತು

ಯಾವ ಅರ್ಜಿ ಕೊಟ್ಟರೂ ಮೊದಲು ಕೇಳುವುದು "ಜನಸಂಖ್ಯೆ ಎಷ್ಟು" ಅಂತ. ಆ ಅಂಕಿ ಬರುವುದು 2011ರ ಜನಗಣತಿಯಿಂದ. ತುಮಕೂರು ಜಿಲ್ಲೆಯಲ್ಲಿ ಆಗ 26,78,980 ಜನ, ಮುಕ್ಕಾಲು ಪಾಲಿಗಿಂತ ಜಾಸ್ತಿ ಹಳ್ಳಿಗಳಲ್ಲಿ. 2021ರ ಗಣತಿ ಕೋವಿಡ್ ಕಾಲದಲ್ಲಿ ಮುಂದಕ್ಕೆ ಹೋಯಿತು. ಮುಂದಿನ ಎಣಿಕೆಯ ಗಳಿಗೆ 2027ರ ಮಾರ್ಚ್ 1. 2011ರಲ್ಲಿ ಹುಟ್ಟಿದ ಮಗು ಅಷ್ಟರಲ್ಲಿ ಪಿಯುಸಿಗೆ ಬಂದಿರುತ್ತದೆ.

ಗಣತಿಯ ಲೆಕ್ಕ ನಿಲ್ಲುವುದು ನಡುರಾತ್ರಿ 00:00 ಗಂಟೆಗೆ. ಮನೆ ಇಲ್ಲದವರನ್ನು ಹಿಂದಿನ ರಾತ್ರಿ ಹುಡುಕಿ ಎಣಿಸುತ್ತಾರೆ. ತಪ್ಪೇನಿಲ್ಲ, ಇಬ್ಬರು ಒಬ್ಬನನ್ನೇ ಎಣಿಸಬಾರದಲ್ಲ. ಆದರೆ ಆ ಹೊತ್ತಿಗೆ ಹುಳಿಯಾರಿನಲ್ಲಿ ಯಾರಿರುತ್ತಾರೆ? ಕಾಲೇಜಿನ ಮಕ್ಕಳಿಲ್ಲ, ಸಂತೆಯವರಿಲ್ಲ, ನಾಡಕಚೇರಿಯ ಸಾಲಿಲ್ಲ. ಶೌಚಾಲಯ, ಕುಡಿಯುವ ನೀರು, ನಿಲ್ದಾಣದ ಬೆಂಚು ಇವುಗಳನ್ನು ಮಲಗುವವರ ಲೆಕ್ಕಕ್ಕೆ ಕಟ್ಟುತ್ತಾರೆ, ಬಳಸುವವರು ಹಗಲಿನವರು. ಸಂತೆಯ ದಿನ ಹೆಣ್ಣುಮಕ್ಕಳು ಶೌಚಾಲಯದ ಮುಂದೆ ನಿಲ್ಲುವ ಸಾಲು ನೋಡಿದರೆ ಯಾವ ಅಂಕಿಯೂ ಬೇಕಾಗಿಲ್ಲ. ಬಸ್ ಟಿಕೆಟ್ ಮಷೀನಿನಲ್ಲಿ ಎಷ್ಟು ಜನ ಹುಳಿಯಾರಿನಲ್ಲಿ ಇಳಿದರು ಅನ್ನುವ ಲೆಕ್ಕ ದಿನವೂ ಬೀಳುತ್ತದೆ. ಅದನ್ನು ತೆಗೆದು ನೋಡುವ ಕೆಲಸ ಅಷ್ಟು ಕಷ್ಟದ್ದೇನಲ್ಲ.

ಹೋದ ಸಲ ಊರಿಗೆ ಹೋದಾಗ ನಮ್ಮ ಹಳ್ಳಿ ಕಡೆಯ ಕೊನೆಯ ಬಸ್ ಹತ್ತಿದೆ. ಅಂಗಡಿಗಳು ಶಟರ್ ಎಳೆಯುತ್ತಿದ್ದವು. ಟೀ ಅಂಗಡಿಯವರು ಓಡೋಡಿ ಬಂದು ನನ್ನ ಪಕ್ಕವೇ ಕೂತರು. ಹುಳಿಯಾರಿನಲ್ಲಿ ಅವರನ್ನು ಗೊತ್ತಿಲ್ಲದವರಿಲ್ಲ. ಚಿಕ್ಕವನಿದ್ದಾಗಿನಿಂದ ಅವರ ಟೀ ಕುಡಿದಿದ್ದೇನೆ. "ನಿಮ್ಮ ಮನೆ ಇಲ್ಲೇ ಅಲ್ವಾ?" ಅಂದೆ. ನಮ್ಮ ಹಳ್ಳಿ ಆದಮೇಲೆ ಮೂರನೇ ಸ್ಟಾಪ್ ಹೆಸರು ಹೇಳಿ, ಖಾಲಿ ಹಾಲಿನ ಕ್ಯಾನ್ ಕಾಲ ಬುಡಕ್ಕೆ ಎಳೆದುಕೊಂಡು, ಟಿಕೆಟ್ ತೆಗೆಯುವ ಮೊದಲೇ ಕಣ್ಣು ಮುಚ್ಚಿದರು.